ಒಂಬತ್ತೋ, ಎಂಟೋ? ಪೆಸಿಫಿಕ್ ಯುದ್ಧದ ಪೈಲಟ್‌ಗಳ ಲೆಕ್ಕ ತಾಳೆ ನೋಡಿದ ನನ್ನ ಅನುಭವ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎರಡು ಪುಸ್ತಕ ಕಂಡರೆ ತಾಳೆ ನೋಡಲೇಬೇಕು. ನಿವೃತ್ತಿಯಾದ ಮೇಲೆ ನನ್ನ ಕೈಗೆ ಸಿಕ್ಕಿದ ಪುಸ್ತಕಗಳು ಸ್ವಲ್ಪ ಬೇರೆ ಥರದವು. ಒಂದು, ಅಮೆರಿಕದ ವಿಮಾನವಾಹಕ ಹಡಗುಗಳ ಫೈಟರ್ ಪೈಲಟ್‌ಗಳು ‘ಇಷ್ಟು ವಿಮಾನ ಕೆಡವಿದೆವು’ ಎಂದು ಬರೆಸಿದ ವರದಿಗಳು. ಇನ್ನೊಂದು, ಜಪಾನಿನವರು ‘ಇಷ್ಟು ವಿಮಾನ ವಾಪಸ್ ಬರಲಿಲ್ಲ’ ಎಂದು ಬರೆದಿಟ್ಟ ಪುಸ್ತಕಗಳು. ಒಬ್ಬರ ಜಮೆ, ಇನ್ನೊಬ್ಬರ ಖರ್ಚು. ಎರಡು ತಿಂಗಳ ಕೆಲಸ ಅಂದುಕೊಂಡೆ. ಆರು ವರ್ಷ ಆಯಿತು.

ಎರಡೂ ಕಡೆಯ ಕಾಗದಗಳನ್ನು ಬಹುಮಟ್ಟಿಗೆ ಮನೆಯಲ್ಲೇ ಕೂತು ನೋಡಬಹುದು. ಅಮೆರಿಕದ ವರದಿಗಳು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹದವು. ಸ್ಕ್ಯಾನ್ ಸಿಗುತ್ತದೆ. ಜಪಾನಿನವುಗಳನ್ನು ಅಲ್ಲಿನ ಏಷ್ಯಾ ಐತಿಹಾಸಿಕ ದಾಖಲೆಗಳ ಕೇಂದ್ರ 2001ರಿಂದ ಇಂಟರ್ನೆಟ್ಟಿಗೆ ಹಾಕುತ್ತಾ ಬಂದಿದೆ. ಅಲ್ಲಿ ಹುಡುಕಬೇಕಾದ್ದು ‘ಕೋದೋ ಚೋಶೋ’. ಜಪಾನಿನ ನೌಕಾಪಡೆಯ ವಿಮಾನ ದಳಗಳು ಪ್ರತಿ ಹಾರಾಟಕ್ಕೂ ಕೈಯಲ್ಲಿ ಬರೆದಿಟ್ಟ ಹಾಳೆಗಳು. ಯಾವ ವಿಮಾನದಲ್ಲಿ ಯಾರಿದ್ದರು ಅನ್ನುವುದು ಹೆಸರು ಸಮೇತ ಇರುತ್ತದೆ. ಹೆಸರಿನ ಪಕ್ಕ, ನಮ್ಮ ಷರಾ ಕಾಲಂ ಇದ್ದ ಹಾಗೆ, ಎರಡು ಮೂರು ಅಕ್ಷರ.

ನನಗೆ ಜಪಾನಿ ಭಾಷೆ ಬರಲ್ಲ. ಈಗಲೂ ಬರಲ್ಲ. ಆದರೆ ಈ ಷರಾಗಳು ಹತ್ತಾರು ಮಾತ್ರ, ಅವೇ ತಿರುಗಿ ತಿರುಗಿ ಬರುತ್ತವೆ. ‘ಹಿದಾನ್’ ಅಂದರೆ ಗುಂಡು ತಗುಲಿದೆ. ‘ಮಿಕಿಕಾನ್’ ಅಂದರೆ ವಾಪಸ್ ಬಂದಿಲ್ಲ. ‘ಜಿಬಾಕು’ ಅಂದರೆ ಬಿದ್ದು ಸಿಡಿದದ್ದು. ಕೊನೆಯ ಎರಡಕ್ಕೂ ವ್ಯತ್ಯಾಸ ಇದೆ. ಜಿಬಾಕು ಎಂದು ಬರೆದಿದ್ದರೆ ಸಾಮಾನ್ಯವಾಗಿ ಜೊತೆಯವರು ಯಾರೋ ಅದು ಬಿದ್ದದ್ದನ್ನು ನೋಡಿದ್ದಾರೆ. ಮಿಕಿಕಾನ್ ಆದರೆ ಯಾರೂ ನೋಡಿಲ್ಲ, ಸುಮ್ನೆ ಕಾದರು, ಬರಲಿಲ್ಲ. ನಾನು ಮೂವತ್ತು ಅಕ್ಷರಗಳನ್ನು ಒಂದು ರಟ್ಟಿನ ಮೇಲೆ ಬರೆದು ಕಂಪ್ಯೂಟರ್ ಪಕ್ಕ ಒರಗಿಸಿಟ್ಟುಕೊಂಡೆ. ಅಷ್ಟರಲ್ಲೇ ಬಂಡಿ ಓಡಿತು.

ಮೊದಲು ಹಿಡಿದದ್ದು ಬುಚ್ ಓಹೇರ್ ಅವರ ಕೇಸು. ಶಿಕಾಗೋ ವಿಮಾನ ನಿಲ್ದಾಣಕ್ಕೆ ಹೆಸರಿಟ್ಟಿದ್ದಾರಲ್ಲ, ಅವರೇ. 1942ರ ಫೆಬ್ರುವರಿ 20ರಂದು ಅವರಿದ್ದ ವಿಮಾನವಾಹಕ ಲೆಕ್ಸಿಂಗ್ಟನ್ ಹಡಗಿನ ಮೇಲೆ, ಜಪಾನಿನ ನೆಲೆಯಾಗಿದ್ದ ರಬಾಲ್ ಕಡೆಯಿಂದ ‘ಬೆಟ್ಟಿ’ ಬಾಂಬರ್‌ಗಳು ಬಂದವು (ಬೆಟ್ಟಿ ಅನ್ನುವುದು ಜಪಾನಿನ ವಿಮಾನಕ್ಕೆ ಅಮೆರಿಕದವರಿಟ್ಟ ಗುರುತಿನ ಹೆಸರು). ಉಳಿದ ಫೈಟರ್‌ಗಳೆಲ್ಲ ಮೊದಲ ಗುಂಪಿನ ಹಿಂದೆ ಹೋಗಿದ್ದವು. ಎರಡನೇ ಗುಂಪು ಬಂದಾಗ ಎದುರಿಗಿದ್ದದ್ದು ಅಮೆರಿಕದ ಎರಡೇ ವೈಲ್ಡ್‌ಕ್ಯಾಟ್ ಫೈಟರ್. ಅದರಲ್ಲೂ ಜೊತೆಗಾರನ ಬಂದೂಕುಗಳು ಕಚ್ಚಿಕೊಂಡು ನಿಂತವು. ಓಹೇರ್ ಒಬ್ಬರೇ ನುಗ್ಗಿದರು. ಆ ವಿಮಾನದಲ್ಲಿ ನಾಲ್ಕು ಬಂದೂಕು, ಒಂದೊಂದಕ್ಕೆ 450 ಗುಂಡು. ಒತ್ತಿ ಹಿಡಿದರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಎಲ್ಲ ಖಾಲಿ.

ಅಮೆರಿಕದ ಪುಸ್ತಕದಲ್ಲಿ: ಬಂದದ್ದು ಒಂಬತ್ತು, ಓಹೇರ್ ಕೆಡವಿದ್ದು ಐದು. ಅವರಿಗೆ ಆರು ಅನ್ನಿಸಿತ್ತು, ಹಡಗಿನ ಕ್ಯಾಪ್ಟನ್ ಐದಕ್ಕಿಳಿಸಿದರು. ಜಪಾನಿನ ಪುಸ್ತಕದಲ್ಲಿ: ಆ ಗುಂಪಿನಲ್ಲಿ ಇದ್ದದ್ದೇ ಎಂಟು. ಒಂದೊಂದು ವಿಮಾನದ ಗತಿ ಹಿಡಿದು ಹೋದರೆ ಓಹೇರ್ ಅವರ ಗುಂಡಿಗೆ ಬಿದ್ದದ್ದು ಮೂರು.

ಇಲ್ಲಿಗೆ ಬಂದಾಗ ಕಳ್ಳನನ್ನು ಹಿಡಿದ ಹಾಗೆ ಖುಷಿಯಾಯಿತು, ಸುಳ್ಳು ಹೇಳಲ್ಲ. ಆಮೇಲೆ ಪುಟ ತಿರುಗಿಸಿ ದಿನದ ಒಟ್ಟು ನೋಡಿದೆ. ಆ ದಿನ ರಬಾಲ್‌ನಿಂದ ಹೊರಟ ಬಾಂಬರ್ 17. ನೆಲೆಗೆ ಮರಳಿದ್ದು 2. ಲೆಕ್ಸಿಂಗ್ಟನ್‌ಗೆ ಒಂದು ಬಾಂಬೂ ತಗುಲಲಿಲ್ಲ. ಒಟ್ಟಿನಲ್ಲಿ ನೋಡಿದರೆ ಅಮೆರಿಕದವರು ಬರೆದದ್ದರಲ್ಲಿ ಉತ್ಪ್ರೇಕ್ಷೆ ಕಡಿಮೆ. ತಪ್ಪಿದ್ದು ಯಾರ ಖಾತೆಗೆ ಎಷ್ಟು ಅನ್ನುವುದರಲ್ಲಿ. ಇನ್ನು ಎಂಟು ಹೇಗೆ ಒಂಬತ್ತಾಯಿತು? ಜಪಾನಿನ ಬಾಂಬರ್ ತುಕಡಿಯಲ್ಲಿ ಸಾಮಾನ್ಯವಾಗಿ ಒಂಬತ್ತಿರುತ್ತಿದ್ದವು. ಆಕಾರ ಕಂಡ ಕಣ್ಣು ಒಂಬತ್ತು ಅಂದಿರಬೇಕು ಅಂತ ನನ್ನ ಊಹೆ.

ಅಲ್ಲಿಂದ ಮುಂದೆ ನನ್ನ ಪದ್ಧತಿ ಬದಲಾಯಿತು. ಪೈಲಟ್ ಹೆಸರು ಹಿಡಿದು ತಾಳೆ ನೋಡುವುದು ಬಿಟ್ಟೆ. ಒಂದು ಕಾಳಗಕ್ಕೆ ಒಂದು ಹಾಳೆ. ಎಡಕ್ಕೆ ಎಲ್ಲ ಪೈಲಟ್‌ಗಳ ಕ್ಲೇಮ್, ಬಲಕ್ಕೆ ಆ ಹೊತ್ತಿಗೆ ಬಾರದ ಎಲ್ಲ ವಿಮಾನ. ಒಂದೇ ವೋಚರನ್ನು ಇಬ್ಬರು ಪೋಸ್ಟ್ ಮಾಡಿದರೆ ಒಟ್ಟು ಏರುತ್ತದೆ ಅಲ್ವಾ? ಇದೂ ಹಾಗೇ. ಒಂದೇ ವಿಮಾನಕ್ಕೆ ಇಬ್ಬರು ಎರಡು ಕಡೆಯಿಂದ ಹೊಡೆದಿರುತ್ತಾರೆ. ಇಬ್ಬರಿಗೂ ಬೆಂಕಿ ಕಂಡಿರುತ್ತದೆ. ಇಬ್ಬರೂ ಬರೆಸಿರುವುದು ನಿಜವನ್ನೇ.

ನನ್ನ ದೊಡ್ಡ ಎಡವಟ್ಟು ಮಿಡ್‌ವೇ ದ್ವೀಪದ ಹತ್ತಿರ 1942ರಲ್ಲಿ ನಡೆದ ಕಾಳಗದಲ್ಲಿ. ಹಾಳೆ ತುಂಬಿಸುತ್ತಾ ಹೋದೆ, ಎಡಕ್ಕೆ ಜೂನ್ 4ರ ಕ್ಲೇಮ್‌ಗಳು ಬಂದವು, ಬಲಗಡೆ ಪೂರಾ ಖಾಲಿ. ಜಪಾನಿನವರ ನಷ್ಟವೆಲ್ಲ ಜೂನ್ 5ರಲ್ಲಿ. ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಜಪಾನಿನ ನೌಕಾಪಡೆ ಎಲ್ಲೇ ಇರಲಿ, ಅವರ ಗಡಿಯಾರ ಟೋಕಿಯೋದ್ದು. ನಡುವೆ ದಿನಾಂಕ ರೇಖೆ ಬೇರೆ. ಮಿಡ್‌ವೇಯಲ್ಲಿ ಜೂನ್ 4ರ ಬೆಳಗಿನ ಜಾವ 4:30 ಅಂದರೆ ಅವರ ಪುಸ್ತಕದಲ್ಲಿ ಜೂನ್ 5ರ ರಾತ್ರಿ 1:30. 21 ಗಂಟೆ ಅಂತರ! ಈಗ ಯಾವ ಹಾಳೆ ತೆಗೆದರೂ ಮೊದಲು ಎರಡೂ ಗಡಿಯಾರ ಬರೆದು, ಆಮೇಲೆ ಉಳಿದದ್ದು.

ಅದೇ ಕಾಳಗದ ಒಂದು ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ಅಮೆರಿಕದ ಪೈಲಟ್ ಜಿಮ್ಮಿ ಥಾಚ್ ಆರು ವೈಲ್ಡ್‌ಕ್ಯಾಟ್ ಕಟ್ಟಿಕೊಂಡು ಟಾರ್ಪಿಡೋ ವಿಮಾನಗಳಿಗೆ ಕಾವಲು ಹೋಗಿದ್ದರು. ಮನೆಯಲ್ಲಿ ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ಕಂಡುಹಿಡಿದ ಉಪಾಯವನ್ನು ಮೊದಲು ಯುದ್ಧದಲ್ಲಿ ಪರೀಕ್ಷಿಸಿದ್ದು ಅಲ್ಲೇ. ಇಬ್ಬರು ಜಡೆ ಹೆಣೆದ ಹಾಗೆ ಅಡ್ಡಡ್ಡ ಹಾರಿ ಒಬ್ಬರ ಬೆನ್ನು ಇನ್ನೊಬ್ಬರು ಕಾಯುವುದು. ಸುತ್ತ ಜಪಾನಿನ ಜೀರೋ ಫೈಟರ್‌ಗಳು. ಥಾಚ್ ಉರಿದುಬಿದ್ದದ್ದಕ್ಕೆಲ್ಲ ಮಂಡಿಗೆ ಕಟ್ಟಿದ ಪ್ಯಾಡಿನ ಮೇಲೆ ಒಂದೊಂದು ಗೀಟು ಹಾಕುತ್ತಿದ್ದರಂತೆ. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಈ ಪ್ಯಾಡೇ ವಾಪಸ್ ಹೋಗಲ್ಲ, ಗೀಟು ಯಾರಿಗೆ ಅಂತ. ನಾನು ತಾಳೆ ನೋಡುತ್ತಿದ್ದ ಮೂಲ ವೋಚರ್ ಅಂದರೆ ಇದು.

1944ರ ಹೊತ್ತಿಗೆ ವರದಿ ಅಚ್ಚುಕಟ್ಟಾದ ಫಾರಂ ಆಯಿತು. ಹಡಗಿಗೆ ಇಳಿದ ಪೈಲಟ್‌ನನ್ನು ಗುಪ್ತಚರ ಅಧಿಕಾರಿ ಕೂರಿಸಿ ಕೇಳಿ ತುಂಬಿಸುತ್ತಿದ್ದ. ಯಾವ ಜಾತಿಯ ವಿಮಾನ, ಎಲ್ಲಿಗೆ ಹೊಡೆದೆ, ಯಾವ ಕೋನದಿಂದ, ಏನಾಯಿತು. ನಾನು ‘ಯಾವ ಜಾತಿ’ ಅನ್ನುವ ಕಾಲಂ ನಂಬುವುದು ಕಡಿಮೆ. ‘ಟೋನಿ’ ಎಂದು ಕಂಡರೆ ಒಮ್ಮೆ ನಿಲ್ಲಿ. ಟೋನಿ ಜಪಾನಿನ ಭೂಸೇನೆಯ ಫೈಟರ್. ಸಮುದ್ರದ ನಡುವೆ ಹಡಗಿನಿಂದ ಹಾರಿ ಬಂದದ್ದು ಟೋನಿ ಆಗಲಾರದು. ಅದರ ಹಾಗೆಯೇ ಮೂತಿ ಚೂಪಾಗಿದ್ದ ಇನ್ನೊಂದು ವಿಮಾನ ಇತ್ತು, ‘ಜೂಡಿ’ ಬಾಂಬರ್. ಬಹಳ ಸಲ ಅದೇ ಇರುತ್ತದೆ. (ಫೈಟರ್‌ಗೆ ಗಂಡಸಿನ ಹೆಸರು, ಬಾಂಬರ್‌ಗೆ ಹೆಂಗಸಿನ ಹೆಸರು. ಯಾಕೆ ಹಾಗೆ ಅಂತ ನನ್ನ ಹೆಂಡತಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.)

1944ರ ಜೂನ್ 19ರ ಮರಿಯಾನಾ ಕಾಳಗದಲ್ಲಿ ಅಮೆರಿಕದ ಪೈಲಟ್ ಅಲೆಕ್ಸ್ ವ್ರಾಚು ಎಂಟು ನಿಮಿಷದಲ್ಲಿ ಆರು ಜೂಡಿ ಕೆಡವಿದರು. ಅವರ ಹೆಲ್‌ಕ್ಯಾಟ್ ಫೈಟರ್‌ನಲ್ಲಿ ಆರು ಬಂದೂಕು, 2,400 ಗುಂಡು. ಅವರು ಖರ್ಚು ಮಾಡಿದ್ದು 360. ಅಂದರೆ ತೀರ ಹತ್ತಿರ ಹೋಗಿ ಹೊಡೆದಿದ್ದಾರೆ. ಹತ್ತಿರ ಹೋದವನ ಕಣ್ಣಿಗೆ ಜಾಸ್ತಿ ಬೆಲೆ ಕೊಡುತ್ತೇನೆ, ಗುಂಡಿನ ಕಾಲಂ ನೋಡುವುದು ಅದಕ್ಕೇ. ಅವರು ಎದುರಿಸಿದ್ದು ಆ ದಿನದ ಎರಡನೇ ದಾಳಿ. ಅದಕ್ಕೆ ಜಪಾನ್ ಕಳಿಸಿದ್ದು 128 ವಿಮಾನ, ಬಾರದೆ ಹೋದದ್ದು 97. ಇಷ್ಟು ಬಿದ್ದ ಕಡೆ ಆರು ಅನ್ನುವುದನ್ನು ಅನುಮಾನಿಸಲು ಕಾರಣ ಇಲ್ಲ. ಆದರೆ ಯಾವ ಆರು ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ವಿಮಾನಗಳನ್ನು ಕಳಿಸಿದ ತೈಹೋ, ಶೋಕಾಕು ಹಡಗುಗಳೇ ಅದೇ ದಿನ ಜಲಾಂತರ್ಗಾಮಿಗಳ ಏಟಿಗೆ ಮುಳುಗಿದವು.

ಹೆಲ್‌ಕ್ಯಾಟ್ ಬಗ್ಗೆ ಎಲ್ಲರ ಬಾಯಲ್ಲೂ ಬರುವ ಅಂಕಿ 19ಕ್ಕೆ 1. 5,100ಕ್ಕೂ ಹೆಚ್ಚು ಕೆಡವಿ ಆಕಾಶದ ಕಾಳಗದಲ್ಲಿ ಕಳೆದುಕೊಂಡದ್ದು 270. ಇದರಲ್ಲಿ ನನಗೊಂದು ತಕರಾರಿದೆ. ಕೆಡವಿದ್ದರ ಅಂಕಿ ಪೈಲಟ್‌ಗಳು ಬರೆಸಿದ್ದು, ಕಳೆದುಕೊಂಡದ್ದರ ಅಂಕಿ ಅವರು ಎಣಿಸಿದ್ದು. ಎರಡೂ ಒಂದೇ ಜಾತಿಯ ಲೆಕ್ಕ ಅಲ್ಲ. ಜೊತೆಗೆ ನೆಲದ ಫಿರಂಗಿಗೆ ಬಿದ್ದದ್ದು 553, ಯುದ್ಧದ ಹಾರಾಟದಲ್ಲೇ ಅಪಘಾತ ವಗೈರೆ 341, ತರಬೇತಿ ಮತ್ತು ಸಾಗಣೆಯಲ್ಲಿ ಹಾಳಾದದ್ದು 1,298. ಒಟ್ಟು 2,462. ಅರ್ಧಕ್ಕಿಂತ ಜಾಸ್ತಿ ಹೋದದ್ದು ಶತ್ರುವಿನ ಮುಖ ನೋಡುವ ಮೊದಲೇ.

ಹಾಗಂತ ಸುಳ್ಳುಲೆಕ್ಕ ಅಮೆರಿಕದವರದ್ದೇ ಅಂದುಕೊಳ್ಳಬೇಡಿ. 1944ರ ಅಕ್ಟೋಬರಿನಲ್ಲಿ ಫಾರ್ಮೋಸಾ (ಈಗಿನ ತೈವಾನ್) ಹತ್ತಿರ ಹನ್ನೊಂದು ವಿಮಾನವಾಹಕ ಹಡಗು ಮುಳುಗಿಸಿದೆವು ಎಂದು ಟೋಕಿಯೋ ಸಾರಿತು. ಒಂದೂ ಮುಳುಗಿರಲಿಲ್ಲ.

ಕೊನೆಯದಾಗಿ ಡೇವಿಡ್ ಮೆಕ್‌ಕ್ಯಾಂಬೆಲ್. ಅಮೆರಿಕದ ನೌಕಾಪಡೆಯಲ್ಲಿ ಅತಿ ಹೆಚ್ಚು, 34. ಅದರಲ್ಲಿ ಒಂಬತ್ತು ಒಂದೇ ಹಾರಾಟದಲ್ಲಿ, 1944ರ ಅಕ್ಟೋಬರ್ 24ರಂದು. ಜೊತೆಗಾರ ರಾಯ್ ರಶಿಂಗ್‌ಗೆ ಆರು. ಪೆಟ್ರೋಲ್ ತಳ ಕಂಡಿತ್ತು, ತಮ್ಮ ಎಸೆಕ್ಸ್ ಹಡಗಿನ ಡೆಕ್ ಖಾಲಿ ಇರಲಿಲ್ಲ, ಲ್ಯಾಂಗ್ಲಿ ಮೇಲೆ ಇಳಿದರು. ಎಡಗಡೆ ಕಾಲಂ ಪೂರ್ತಿ ತುಂಬಿದೆ. ಬಲಗಡೆಗೆ ಎರಡು ವರ್ಷ ಹುಡುಕಿದೆ. ಫಿಲಿಪೀನ್ಸ್‌ನ ಲುಜಾನ್ ದ್ವೀಪದಿಂದ ಹಾರಿದ ಜಪಾನಿನ ದಳಗಳು ಚೂರುಚೂರಾಗಿ ಒಂದಕ್ಕೊಂದು ಬೆರೆತಿದ್ದವು. ನನಗೆ ಸಿಕ್ಕ ಹಾಳೆಗಳು ಅಲ್ಲೊಂದು ಇಲ್ಲೊಂದು. 1945ರಲ್ಲಿ ಶರಣಾಗುವ ಹೊತ್ತಿಗೆ ಜಪಾನಿನವರು ಎಷ್ಟೋ ಕಾಗದ ಸುಟ್ಟರು.

ತಾಳೆಯಾಗದ್ದನ್ನು ನಾವು ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು. ಮೆಕ್‌ಕ್ಯಾಂಬೆಲ್ ಅವರ ಒಂಬತ್ತು, ರಶಿಂಗ್ ಅವರ ಆರು, ಸದ್ಯ ಅಲ್ಲೇ ಇವೆ. ಹಾಳೆಯ ಬಲಗಡೆ ಪೆನ್ಸಿಲ್‌ನಲ್ಲಿ ತಾರೀಕು ಮಾತ್ರ ಬರೆದಿಟ್ಟಿದ್ದೇನೆ.