ಲಿನಕ್ಸ್‌ಗೆ ಸ್ಕ್ಯಾನರ್: ದುಡ್ಡು ಕೊಡುವ ಮುಂಚೆ

ಡಬ್ಬಿಯ ಮೇಲೆ ಸಾಮಾನ್ಯವಾಗಿ ವಿಂಡೋಸ್, ಮ್ಯಾಕ್ ಎಂದಷ್ಟೇ ಇರುತ್ತದೆ. ಲಿನಕ್ಸ್‌ನಲ್ಲಿ ನಡೆಯುತ್ತದೋ ಇಲ್ಲವೋ ಗೊತ್ತಾಗುವುದು ಲಿನಕ್ಸ್‌ಗೆ ಸ್ಕ್ಯಾನರ್ ಡ್ರೈವರ್‌ಗಳನ್ನು ಒದಗಿಸುವ 'ಸೇನ್' (SANE) ಯೋಜನೆಯ ಸಾಧನಗಳ ಪಟ್ಟಿಯಲ್ಲಿ. ಹುಬ್ಬಳ್ಳಿಯಿಂದ ತಂದ ಯಂತ್ರವನ್ನು ವಾಪಸು ಕೊಡಲು ಶಿರಸಿಯಿಂದ ಮತ್ತೆ ನೂರು ಕಿ.ಮೀ. ಬಸ್ಸು ಹತ್ತುವುದಕ್ಕಿಂತ ಆ ಪಟ್ಟಿ ನೋಡಲು ಹತ್ತು ನಿಮಿಷ ಕೊಡಿ.

ಮಾಡೆಲ್ ಹೆಸರನ್ನು ಅಕ್ಷರ ಬಿಡದೆ ಹುಡುಕಿ. ಒಂದು ಅಂಕಿ ಬದಲಾದರೂ ಒಳಗಿನ ಚಿಪ್ ಬೇರೆಯಿರಬಹುದು. ಬೆಂಬಲದ ಮಟ್ಟ 'ಕಂಪ್ಲೀಟ್' ಅಥವಾ 'ಗುಡ್' ಎಂದಿದ್ದರೆ ಸರಿ, 'ಮಿನಿಮಲ್' ಇದ್ದರೆ ಬೇಡ. ಪಕ್ಕದ ಟಿಪ್ಪಣಿಯನ್ನೂ ಓದಿ: ಸ್ಕ್ಯಾನ್‌ಸ್ನ್ಯಾಪ್ ಎಸ್1300ಐ ನಡೆಯುತ್ತದೆ, ಆದರೆ ಅದರ ಫರ್ಮ್‌ವೇರ್ (ಯಂತ್ರದೊಳಗೆ ಓಡುವ ತಂತ್ರಾಂಶ) ಕಡತವನ್ನು ನೀವೇ ತಂದು ಹಾಕಬೇಕು. ಬ್ರದರ್ ಯಂತ್ರಗಳಿಗೆ ಕಂಪನಿಯ ಡ್ರೈವರ್ ಇದೆ, ಆದರೆ ಅದು ಇಂಟೆಲ್ ಮಾದರಿಯ ಪ್ರೊಸೆಸರ್‌ಗೆ ಸಿದ್ಧವಾದದ್ದು. ಬೇರೆ ಮಾದರಿಯ ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇಟ್ಟುಕೊಂಡವರು ಅದನ್ನು ನೆಚ್ಚಬೇಡಿ. ಪ್ರಿಂಟರ್ ಜೊತೆಗಿನ ಸ್ಕ್ಯಾನರ್ ಆದರೆ 'ಇಎಸ್‌ಸಿಎಲ್' (eSCL, ಕಂಪನಿಯ ಡ್ರೈವರ್ ಇಲ್ಲದೆ ಸ್ಕ್ಯಾನ್ ಮಾಡಿಸುವ ಪದ್ಧತಿ) ಇದೆಯೇ ನೋಡಿ. ಇದ್ದರೆ ಸೇನ್-ಏರ್‌ಸ್ಕ್ಯಾನ್ ಎಂಬ ಸಾಮಾನ್ಯ ಡ್ರೈವರ್ ಸಾಕು, ಬೇರೆ ಡ್ರೈವರ್ ಬೇಡ.

ಪಹಣಿ, ಅಡಿಕೆ ಪಟ್ಟಿಯಂಥ ಬಿಡಿ ಹಾಳೆಗಳಿಗೆ ಕ್ಯಾನನ್ ಲೈಡ್ 300 ಚೆನ್ನ. ಯುಎಸ್‌ಬಿ ಕೇಬಲ್‌ನಿಂದಲೇ ವಿದ್ಯುತ್ ಪಡೆಯುವುದರಿಂದ ಮಳೆಗಾಲದಲ್ಲಿ ಕರೆಂಟ್ ಹೋದರೂ ಲ್ಯಾಪ್‌ಟಾಪ್ ಜೊತೆ ಓಡುತ್ತದೆ. ಆದರೆ ಅದು ಸಿಐಎಸ್ ಯಂತ್ರ, ಅಂದರೆ ಸಂವೇದಕ ಗಾಜಿಗೆ ತೀರಾ ಹತ್ತಿರ ಇರುವಂಥದ್ದು. ಗಾಜಿಗೆ ಅಂಟಿದ್ದಷ್ಟೇ ಸ್ಪಷ್ಟ; ದಪ್ಪ ಖಾತೆ ಪುಸ್ತಕದ ಬೆನ್ನಿನ ಬಳಿ ಹಾಳೆ ಒಂದೆರಡು ಮಿಲಿಮೀಟರ್ ಎದ್ದರೂ ಅಕ್ಷರ ಮಸುಕಾಗುತ್ತದೆ. ಮುಂಬೈ ಪ್ರಾಂತ್ಯದ ಕಾಲದ ಹೊಲಿದ ದಫ್ತರ ಇದ್ದವರು ಗಾಜಿನಿಂದ ತುಸು ಎದ್ದದ್ದನ್ನೂ ಸ್ಪಷ್ಟವಾಗಿ ಹಿಡಿಯುವ ಸಿಸಿಡಿ ಸಂವೇದಕದ ಫ್ಲ್ಯಾಟ್‌ಬೆಡ್ಡನ್ನೇ (ಚಪ್ಪಟೆ ಗಾಜಿನ ಸ್ಕ್ಯಾನರ್) ಹುಡುಕಬೇಕು. ಜೀರ್ಣವಾದ ಕಾಗದವನ್ನು ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಫೀಡರ್‌ಗೆ ಹಾಕಲೇಬೇಡಿ.

ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವ್ ಒಯ್ದು ಅಂಗಡಿಯಲ್ಲೇ ಪರೀಕ್ಷಿಸಿ. 'ಸೇನ್-ಫೈಂಡ್-ಸ್ಕ್ಯಾನರ್' (sane-find-scanner) ಆಜ್ಞೆ ಯಂತ್ರವನ್ನು ಕಂಡುಹಿಡಿದು, ಅದರ ಸೋದರ 'ಸ್ಕ್ಯಾನ್‌ಇಮೇಜ್' (scanimage -L) ಗೆ ಅದು ಕಾಣದೆ ಹೋದರೆ ಡ್ರೈವರ್ ಇಲ್ಲವೆಂದೋ ಅನುಮತಿ ಇಲ್ಲವೆಂದೋ ಅರ್ಥ. ಆಜ್ಞೆಯ ಮುಂದೆ ನಿರ್ವಾಹಕನ ಅಧಿಕಾರ ಕೊಡುವ 'ಸುಡೊ' (sudo) ಹಾಕಿದಾಗ ಕಂಡರೆ ಅನುಮತಿಯದೇ ತೊಡಕು: ನಿಮ್ಮ ಬಳಕೆದಾರ ಹೆಸರನ್ನು 'ಸ್ಕ್ಯಾನರ್' ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಒಂದು ಪುಟವನ್ನು 300 ಡಿಪಿಐನಲ್ಲಿ ತೆಗೆದು ನೋಡಿ. ಚಿತ್ರದಲ್ಲಿನ ಕನ್ನಡವನ್ನು ಪಠ್ಯ ಮಾಡಲು ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಅಷ್ಟು ಬೇಕು. 150ರಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ.

ಫೀಡರ್ ಬೇಕೆಂದರೆ ಎರಡು ಹಾಳೆ ಒಟ್ಟಿಗೆ ಹೋದರೆ ಶಬ್ದತರಂಗದಿಂದ ಗುರುತಿಸುವ ಅಲ್ಟ್ರಾಸಾನಿಕ್ ಡಬಲ್-ಫೀಡ್ ಪತ್ತೆ ಇರುವುದನ್ನೇ ಆರಿಸಿ. ಕಾರವಾರದ ಜೂನ್-ಜುಲೈ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿ ಎರಡೆರಡಾಗಿ ಒಳಹೋಗುತ್ತವೆ, ನಡುವಿನ ಪುಟ ಕಾಣೆಯಾದದ್ದು ತಿಂಗಳ ಮೇಲೆ ತಿಳಿಯುತ್ತದೆ. ಹಾಕುವ ಮುಂಚೆ ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಫ್ಯಾನಿನ ಗಾಳಿಗೆ ಹತ್ತು ನಿಮಿಷ ಇಡಿ.