ರಿವಾಲ್ವರ್ ಹಿಡಿಕೆಗೆ ಯಾವ ಎಣ್ಣೆ ಹಚ್ಚಬೇಕು? ಕೊಬ್ಬರಿ ಎಣ್ಣೆಯಂತೂ ಬೇಡ

ಮಂಡ್ಯದಲ್ಲಿ ನಮ್ಮ ಸೋದರಮಾವನ ಹತ್ತಿರ ಒಂದು ಹಳೇ ರಿವಾಲ್ವರ್ ಇದೆ, ಲೈಸೆನ್ಸ್ ಇರುವಂಥದ್ದು. ಹಿಡಿಕೆಯ ಎರಡೂ ಪಟ್ಟಿ ವಾಲ್‌ನಟ್ ಮರದ್ದು. ಕೈಬೆವರು ಕುಡಿದು ಕುಡಿದು ಕಪ್ಪಾಗಿತ್ತು. ಮಾವ ಪ್ರತಿ ಆಯುಧಪೂಜೆಗೆ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು, ತಲೆಗೆ ತಿಕ್ಕಿದ ಹಾಗೆ. ನಾನು ದೊಡ್ಡ ಬುದ್ಧಿವಂತ ಅಂತ ಅದರ ಮೇಲೇ ಅಗಸೆ ಎಣ್ಣೆ ದಪ್ಪಗೆ ಬಳಿದೆ. ಅಷ್ಟರಲ್ಲಿ ಚುನಾವಣೆ ಬಂತು. ಗನ್ ಸ್ಟೇಷನ್ನಿಗೆ ಡೆಪಾಸಿಟ್ ಮಾಡಬೇಕಲ್ಲ, ಪೇಪರ್‌ನಲ್ಲಿ ಸುತ್ತಿ ಕೊಟ್ಟೆವು. ವಾಪಸ್ ತಂದು ಬಿಚ್ಚಿದರೆ ಪೇಪರ್ ಹಿಡಿಕೆಗೆ ಅಂಟಿಕೊಂಡಿದೆ, ಕಿತ್ತರೆ ಅಕ್ಷರಗಳು ಉಲ್ಟಾ ಅಚ್ಚಾಗಿ ಕೂತಿವೆ. "ಏನ್ಲಾ ಇದು, ಗನ್ನಲ್ಲೇ ಪೇಪರ್ ಓದ್ಬೇಕಾ ಇನ್ಮೇಲೆ?" ಅಂದರು ಮಾವ.

ತಪ್ಪು ನನ್ನದೇ. ಎಣ್ಣೆಗಳಲ್ಲಿ ಒಣಗುವ ಜಾತಿ ಬೇರೆ, ಒಣಗದ ಜಾತಿ ಬೇರೆ. ಅಗಸೆ ಎಣ್ಣೆ, ಟಂಗ್ ಎಣ್ಣೆ (ಟಂಗ್ ಮರದ ಬೀಜದಿಂದ ತೆಗೆದದ್ದು), ವಾಲ್‌ನಟ್ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತವೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಎಷ್ಟು ದಿನ ಬಿಟ್ಟರೂ ಹಾಗೇ ಇರುತ್ತವೆ. ಗನ್ ಆಯಿಲ್ಲೂ ಅಷ್ಟೇ, ಅದು ಲೋಹಕ್ಕೆ ಮಾತ್ರ, ಮರಕ್ಕೆ ಇಳಿದರೆ ಕಪ್ಪಾಗಿಸುತ್ತದೆ. ಒಣಗದ ಎಣ್ಣೆ ಕುಡಿದ ಮರದ ಮೇಲೆ ಒಣಗುವ ಎಣ್ಣೆ ಹಚ್ಚಿದರೆ ನಮ್ಮ ಹಾಗೆ ಅಂಟು ಅಂಟು.

ಅನುಮಾನ ಇದ್ದರೆ ಒಂದು ಗಾಜಿನ ಚೂರಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಬೆರಳಲ್ಲಿ ತೆಳ್ಳಗೆ ಸವರಿ, ಕಿಟಕಿ ಹತ್ತಿರ ಇಡಿ. ಎರಡು ಮೂರು ದಿನಕ್ಕೆ ಹಾಲಿನ ಕೆನೆ ಹಾಗೆ ಪದರ ಕಟ್ಟಿದರೆ ಸರಿ. ವಾರ ಆದರೂ ಬೆರಳು ಜಾರುತ್ತಿದ್ದರೆ ಆ ಬಾಟಲಿ ಗೇಟಿನ ತಿರುಗಣಿಗೆ ಇಟ್ಟುಕೊಳ್ಳಿ.

ಈಗ ಯಾವುದು ಕೊಳ್ಳಬೇಕು ಅನ್ನೋ ಮಾತು. ಪೇಂಟ್ ಅಂಗಡಿಯಲ್ಲಿ ಸುಲಭವಾಗಿ, ಕಡಿಮೆ ಬೆಲೆಗೆ ಸಿಗೋದು ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್, ಅಂದರೆ ಬೇಗ ಒಣಗುವ ಹಾಗೆ ಮಾಡಿದ ಅಗಸೆ ಎಣ್ಣೆ. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಹಸಿ ಅಗಸೆ ಎಣ್ಣೆ ಬೇರೆ, ಅದು ಒಣಗೋಕೆ ವಾರಗಳೇ ಬೇಕು, ಹಿಡಿಕೆಗೆ ಬೇಡ. ಬಾಯಿಲ್ಡ್ ಚೆನ್ನಾಗೇ ಇದೆ, ಮರಕ್ಕೆ ಜೇನಿನ ಬಣ್ಣ ಕೊಡುತ್ತದೆ, ಆದರೆ ನೀರು ಬೆವರು ತಡೆಯುವುದು ಅಷ್ಟಕ್ಕಷ್ಟೆ. ಟಂಗ್ ಎಣ್ಣೆ ನೀರಿಗೆ ಅದಕ್ಕಿಂತ ಗಟ್ಟಿ. ನಿಧಾನ ಮಾತ್ರ, ಒಂದು ಕೋಟ್ ಹಚ್ಚಿ ಇನ್ನೊಂದು ಹಚ್ಚೋಕೆ ಎರಡು ಮೂರು ದಿನ ಬಿಡಬೇಕು, ಜೊತೆಗೆ ಟಂಗ್ ಆಯಿಲ್ ಫಿನಿಶ್ ಅಂತ ಬರೆದ ಬಾಟಲಿಗಳಲ್ಲಿ ಎಷ್ಟೋ ಸಲ ಇರೋದು ತೆಳು ವಾರ್ನಿಶ್, ಹಾಗಾಗಿ ಹಿಂದಿನ ಸಣ್ಣ ಅಕ್ಷರ ಓದಿಯೇ ಕೊಳ್ಳಿ. ಟ್ರೂ ಆಯಿಲ್ ಬಂದೂಕಿನ ಮರಕ್ಕೆ ಅಂತಲೇ ಮಾಡಿದ್ದು, ಕೆಲವು ಗಂಟೆಗಳಲ್ಲಿ ಒಣಗುತ್ತದೆ, ಕೋಟ್ ಮೇಲೆ ಕೋಟ್ ಹಾಕಿದರೆ ಗಾಜಿನ ಹಾಗೆ ಹೊಳೆಯುತ್ತದೆ. ನನಗೆ ಆ ಹೊಳಪು ಇಷ್ಟ ಇಲ್ಲ, ಬೆವರಿದ ಕೈಗೆ ಜಾರುತ್ತದೆ. ನನ್ನ ಓಟು ಡ್ಯಾನಿಶ್ ಆಯಿಲ್‌ಗೆ. ಎಣ್ಣೆ, ವಾರ್ನಿಶ್, ಥಿನ್ನರ್ ಸೇರಿದ ಮಿಶ್ರಣ ಅದು. ಮರದ ಒಳಗೂ ಇಳಿಯುತ್ತದೆ, ಮೇಲೂ ಸ್ವಲ್ಪ ಗಟ್ಟಿ ನಿಲ್ಲುತ್ತದೆ, ಹೊಸಬರ ಕೈಯಲ್ಲೂ ಕೆಡುವುದಿಲ್ಲ.

ಹಿಡಿಕೆ ಬೀಟೆ ಮರದ್ದಾದರೆ ಲೆಕ್ಕ ಬೇರೆ. ಮೈಸೂರಿನವರಿಗೆ ಬೀಟೆ ಹೇಳಿಕೊಡಬೇಕಾ, ಇನ್‌ಲೇ ಕೆಲಸಕ್ಕೇ ಹೆಸರಾದ ಊರು. ಆ ಮರದಲ್ಲೇ ಒಂಥರ ಎಣ್ಣೆ ಇದೆ, ಅದು ಮೇಲಿನ ಎಣ್ಣೆಯನ್ನು ಒಣಗೋಕೆ ಬಿಡುವುದಿಲ್ಲ. ಅಸಿಟೋನ್ ಅನ್ನೋ ಬೇಗ ಆರುವ ದ್ರಾವಕದಲ್ಲಿ ಒರೆಸಿ, ಅದು ಆರಿದ ತಕ್ಷಣ ತೆಳು ಕೋಟ್ ಹಚ್ಚಬೇಕು. ಇಲ್ಲ ಅಂದರೆ ಎಣ್ಣೆ ಬಿಟ್ಟು ಅರಗಿನ ಫ್ರೆಂಚ್ ಪಾಲಿಶ್ ಮಾಡಿಸಿ.

ಕೆಲಸ ಶುರು ಮಾಡುವ ಮುಂಚೆ ಗನ್ ಖಾಲಿ ಇದೆಯಾ ಅಂತ ಲೈಸೆನ್ಸ್ ಇರುವವರೇ ಎರಡು ಸಲ ನೋಡಿ, ಅವರೇ ಸ್ಕ್ರೂ ತೆಗೆದು ಪಟ್ಟಿ ಬಿಚ್ಚಿಕೊಡಲಿ. ಗನ್ ಬೀರುವಿಗೆ ಹೋಗಲಿ, ನಿಮ್ಮ ಕೈಗೆ ಬರೋದು ಎರಡು ಮರದ ತುಂಡು ಮಾತ್ರ. ನಮ್ಮ ಮಾವ ಹಾಗೇ ಮಾಡಿದ್ದು.

ಹಳೇ ಜಿಡ್ಡು ತೆಗೆಯುವುದೇ ಮುಕ್ಕಾಲು ಕೆಲಸ. ಸೀಮೆಸುಣ್ಣ ಪುಡಿ ಮಾಡಿ, ಅಸಿಟೋನ್‌ನಲ್ಲಿ ಗೊಜ್ಜಿನ ಹದಕ್ಕೆ ಕಲಸಿ ಮರಕ್ಕೆ ಮೆತ್ತಿ. ಅಂಗಳದಲ್ಲಿ ಮಾಡಿ, ಒಲೆ ಬೀಡಿ ಹತ್ತಿರ ಬೇಡ. ಅಸಿಟೋನ್ ಆರುತ್ತಾ ಒಳಗಿನ ಎಣ್ಣೆ ಮೇಲೆ ಬಂದು ಬಿಳಿ ಪುಡಿ ಹಳದಿ ಕಂದು ಆಗುತ್ತದೆ. ಬ್ರಷ್‌ನಲ್ಲಿ ಉದುರಿಸಿ ಮತ್ತೆ ಮೆತ್ತಿ. ನನಗೆ ನಾಲ್ಕು ಸಲ ಬೇಕಾಯಿತು, ನಾಲ್ಕನೇ ಸಲ ಪುಡಿ ಬೆಳ್ಳಗೇ ಉಳಿಯಿತು.

ಆಮೇಲೆ 320 ನಂಬರ್ ಸ್ಯಾಂಡ್ ಪೇಪರ್, ನಂತರ 400, ಎಳೆ ಹೋದ ದಿಕ್ಕಿಗೇ. ಲೋಹಕ್ಕೆ ಕೂರುವ ಅಂಚು ಉಜ್ಜಬೇಡಿ, ಒಂದು ಕೂದಲೆಳೆ ಸವೆದರೂ ಮರ ಕೆಳಗೆ, ಲೋಹ ಮೇಲೆ ಆಗಿ ಕೈಗೆ ಚುಚ್ಚುತ್ತದೆ. ಒಳಮೈಯನ್ನೂ ಉಜ್ಜಬೇಡಿ, ಹಳೇ ಗನ್‌ಗಳಲ್ಲಿ ಅಲ್ಲಿ ನಂಬರ್ ಇರುವುದುಂಟು. ಕೈ ಜಾರದಿರಲಿ ಅಂತ ಕೆತ್ತಿದ ಚೌಕುಳಿ ಗೆರೆ ಇರುವ ಜಾಗಕ್ಕೆ ಹಳೇ ಟೂತ್‌ಬ್ರಷ್ ಸಾಕು.

ಎಣ್ಣೆ ಎರಡೇ ಹನಿ. ಬೆರಳು ಬಿಸಿಯಾಗುವವರೆಗೆ ತಿಕ್ಕಿ, ಹತ್ತು ಹದಿನೈದು ನಿಮಿಷ ಬಿಟ್ಟು, ಹಳೇ ಪಂಚೆ ಬಟ್ಟೆಯಲ್ಲಿ ಪೂರ್ತಿ ಒರೆಸಿಬಿಡಿ. ಹಚ್ಚಿದ್ದೆಲ್ಲ ಒರೆಸಿಬಿಟ್ಟೆನಲ್ಲ ಅನ್ನಿಸಬೇಕು, ಅಷ್ಟು. ಒಂದು ದಿನ ಬಿಟ್ಟು ಮತ್ತೆ. ನಾಲೆ ಪಕ್ಕದ ಊರಾದರೆ, ಮಳೆಗಾಲವಾದರೆ, ಎರಡು ದಿನ. ನಾಲ್ಕೈದು ಕೋಟ್ ಆಗಲಿ. ಗೆರೆಗಳ ಸಂದಿಯಲ್ಲಿ ನಿಂತ ಎಣ್ಣೆಯನ್ನು ಒಣ ಬ್ರಷ್‌ನಲ್ಲಿ ಎತ್ತದಿದ್ದರೆ ಅಲ್ಲೇ ಅಂಟಾಗುತ್ತದೆ.

ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ಬಟ್ಟೆ ತಾನೇ ಹೊತ್ತಿಕೊಳ್ಳುತ್ತದೆ. ತಮಾಷೆ ಅಲ್ಲ. ಡ್ಯಾನಿಶ್, ಟಂಗ್ ಎಣ್ಣೆಗೂ ಇದೇ ಮಾತು. ಹೊರಗೆ ತಂತಿ ಮೇಲೆ ಬಿಡಿಸಿ ಹಾಕಿ, ಇಲ್ಲ ನೀರಿನ ಬಕೆಟ್‌ಗೆ ಅದ್ದಿಡಿ.

ಕೊನೇ ಕೋಟ್ ಆದ ಮೇಲೆ ಎರಡು ವಾರ ಸುಮ್ನೆ ಬಿಡಿ, ಚರ್ಮದ ಹೋಲ್‌ಸ್ಟರ್‌ಗೂ ಹಾಕಬೇಡಿ. ಆಮೇಲೆ ಬೇಕಾದರೆ ಚೂರು ಜೇನುಮೇಣ. ಒಟ್ಟು ಒಂದು ತಿಂಗಳ ಕೆಲಸ ಅಂದುಕೊಳ್ಳಿ. ಆಯುಧಪೂಜೆಗೆ ಬೇಕು ಅಂದರೆ ಗಣಪತಿ ಹಬ್ಬದ ಹೊತ್ತಿಗೇ ಕೂತುಬಿಡಿ. ಕುಂಕುಮ ಲೋಹದ ಮೇಲೆ ಇಡಿ, ಹಸಿ ಎಣ್ಣೆಯ ಮರಕ್ಕೆ ಇಟ್ಟರೆ ಮುಂದಿನ ದಸರಾವರೆಗೂ ಹೋಗುವುದಿಲ್ಲ.