ನಿಮ್ಮ ಡಿಸ್ಪ್ಯಾಚ್ ಡಿಜಿಟಲ್‌ಗೆ ಸಿದ್ಧವೇ? 20 ಲೋಡಿನ ಜಾಡು ಹಿಡಿಯಿರಿ

ಬೆಂಗಳೂರಿನ ಪೀಣ್ಯದಲ್ಲಿ ನಾನು ಕಂಡ ಹೆಚ್ಚಿನ ಕಾರ್ಖಾನೆಗಳಲ್ಲಿ, ಡಿಸ್ಪ್ಯಾಚ್ (ಮಾಲು ರವಾನಿಸುವ ವಿಭಾಗ) ಡಿಜಿಟಲ್‌ಗೆ ಸಿದ್ಧವೇ ಎಂಬ ಪರೀಕ್ಷೆ ಮಾಲೀಕರ ಚೇಂಬರಿನಲ್ಲೇ ಶುರುವಾಗಿ ಅಲ್ಲೇ ಮುಗಿದುಬಿಡುತ್ತದೆ. ಸಾಫ್ಟ್‌ವೇರ್ ಮಾರಲು ಬಂದವರು ಪ್ರಶ್ನಾವಳಿ ಮುಂದಿಡುತ್ತಾರೆ. ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಇದೆಯಾ? ಇದೆ. ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ಅಡಿ ಆನ್‌ಲೈನ್‌ನಲ್ಲಿ ಪಡೆಯುವ ದಾಖಲೆ) ಮಾಡ್ತೀರಾ? ಮಾಡ್ತೀವಿ. ಡ್ರೈವರ್ ಹತ್ತಿರ ಸ್ಮಾರ್ಟ್‌ಫೋನ್ ಇದೆಯಾ? ಇದೆ. ನೂರಕ್ಕೆ ಎಂಬತ್ತು ಅಂಕ ಬಂತೆಂದು ಆಪ್ ಕೊಳ್ಳುತ್ತಾರೆ. ಮೂರು ತಿಂಗಳು ಬಿಟ್ಟು ಹೋದರೆ ಡಿಸ್ಪ್ಯಾಚ್ ಗುಮಾಸ್ತರು ಹಳೆಯ ಉದ್ದನೆ ರಿಜಿಸ್ಟರಿನಲ್ಲೇ ಬರೆಯುತ್ತಿರುತ್ತಾರೆ. ಇ-ವೇ ಬಿಲ್ಲಿಗೆ ಅಂಕ ಕೊಡಲೇಬೇಡಿ. 2018ರ ಏಪ್ರಿಲ್ 1ರಿಂದ ಕಾನೂನೇ ಅದನ್ನು ಮಾಡಿಸುತ್ತಿದೆ. ಅಂದೇ ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೆ ತಂದದ್ದು ನಮ್ಮ ಕರ್ನಾಟಕ.

ಕೆಳಗೆ ಹೇಳಿದ್ದಕ್ಕೆ ನಾಲ್ಕು ದಿನ, ಒಂದು ದೊಡ್ಡ ಹಾಳೆ, ಒಂದು ಪೆನ್ನು ಸಾಕು.

ಹಂತ 1: ಕಳೆದ ತಿಂಗಳ 20 ಲೋಡ್ ಆರಿಸಿ. ಹದಿನೈದು ಯಾವುದಾದರೂ ಇರಲಿ, ಐದು ಮಾತ್ರ ತಕರಾರಾದವೇ ಆಗಿರಲಿ.

ಹಂತ 2: ಒಂದು ದಿನ ಪೂರ್ತಿ ಡಿಸ್ಪ್ಯಾಚ್‌ನಲ್ಲಿ ನಿಂತು ಲಾರಿ ನಂಬರನ್ನು ಹಿಂಬಾಲಿಸಿ. ಅದನ್ನು ಎಷ್ಟು ಸಲ ಬರೆಯುತ್ತಾರೆ ಎಂದು ಎಣಿಸಿ. ಒಂದು ಘಟಕದಲ್ಲಿ ನಾನು ಎಣಿಸಿದಾಗ ಆರು ಸಲ ಆಯಿತು: ಸೆಕ್ಯುರಿಟಿಯ ಪುಸ್ತಕ, ಅವರು ಹರಿದುಕೊಟ್ಟ ಚೀಟಿ, ಇನ್ವಾಯ್ಸ್, ಇ-ವೇ ಬಿಲ್ಲಿನ ಪಾರ್ಟ್-ಬಿ (ಗಾಡಿಯ ವಿವರ ತುಂಬುವ ಭಾಗ), ಎಲ್‌ಆರ್ (ಟ್ರಾನ್ಸ್‌ಪೋರ್ಟ್‌ನವರು ಕೊಡುವ ಲಾರಿ ರಸೀದಿ), ಕೊನೆಗೆ ಗಿರಾಕಿಗೆ ಹೋದ ವಾಟ್ಸ್ಆ್ಯಪ್. ಚೀಟಿ ಬೆವರಿಗೆ ನೆನೆದಿತ್ತು, 3 ಇದ್ದದ್ದು 8 ಆಯಿತು. ಒಂದಂಕಿಯ ತಪ್ಪಿಗೆ ದಂಡ ಸಣ್ಣದು, ಆದರೆ ತಪಾಸಣೆಯವರು ತಡೆದ ಲಾರಿ ಅರ್ಧ ದಿನ ರಸ್ತೆಬದಿಯಲ್ಲೇ ನಿಂತಿತು. ದಾರಿಯಲ್ಲಿ ಗಾಡಿ ಬದಲಾದರೆ ಪಾರ್ಟ್-ಬಿ ತಿದ್ದುವುದು ಯಾರ ಕೆಲಸ ಎಂದೂ ಕೇಳಿಕೊಳ್ಳಿ. ಇಬ್ಬರ ಹೆಸರು ಬಂದರೆ ಆ ಕೆಲಸ ಯಾರೂ ಮಾಡುತ್ತಿಲ್ಲ ಎಂದೇ ತಿಳಿಯಿರಿ. ಇ-ವೇ ಬಿಲ್ಲಿನ ಅವಧಿ 200 ಕಿ.ಮೀ.ಗೆ ಒಂದು ದಿನ. ಪುಣೆಯ ಲೋಡಿಗೆ ಐದು ದಿನ ಸಿಗುತ್ತದೆ, ಗಾಡಿ ಕೆಟ್ಟು ನಿಂತರೆ ಅದೂ ಸಾಲದು.

ಹಂತ 3: ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಎರಡು ದಿನ ಇದಕ್ಕೇ ಇಡಿ. ಹಾಳೆಯಲ್ಲಿ ಲೋಡಿಗೊಂದು ಸಾಲು, ಸಾಲಿಗೆ ಆರು ಮನೆ: ಇನ್ವಾಯ್ಸ್ ಆದ ಹೊತ್ತು, ನಮ್ಮ ಗೇಟ್ ದಾಟಿದ್ದು, ಗಿರಾಕಿಯ ಗೇಟ್ ಮುಟ್ಟಿದ್ದು, ಗಾಡಿಯನ್ನು ಒಳಗೆ ಬಿಟ್ಟದ್ದು, ಇಳಿಸಿ ಮುಗಿದದ್ದು, ಸೀಲು-ಸಹಿ ಬಿದ್ದ ಪಿಒಡಿ (ಮಾಲು ತಲುಪಿದ್ದಕ್ಕೆ ಗಿರಾಕಿ ಕೊಡುವ ಪುರಾವೆ) ನಮ್ಮ ಕೈಸೇರಿದ್ದು. ಪೆನ್ನಿನಲ್ಲೇ ತುಂಬಿ. ಪೆನ್ಸಿಲಿನಲ್ಲಿ ಬರೆದದ್ದನ್ನು ಸಂಜೆಯೊಳಗೆ ಯಾರಾದರೂ ತಿದ್ದಿಸುತ್ತಾರೆ.

ಹೊತ್ತಿನ ಪಕ್ಕದಲ್ಲಿ ಅದು ಸಿಕ್ಕ ಜಾಗವನ್ನೂ ಗುರುತಿಸಿ. ಕಂಪ್ಯೂಟರಿನಲ್ಲಿ ಸಿಕ್ಕರೆ ‘ಕ’, ಪುಸ್ತಕದಲ್ಲಾದರೆ ‘ಪು’, ಯಾರಿಗೋ ಫೋನ್ ಮಾಡಿ ಕೇಳಿದ್ದಾದರೆ ‘ಫೋ’. ‘ಸುಮಾರು ಹನ್ನೊಂದು ಗಂಟೆ ಇರಬೇಕು ಸಾರ್’ ಎಂದರೆ ಆ ಮನೆಯನ್ನು ಖಾಲಿ ಬಿಡಿ. ಗುಮಾಸ್ತರ ಮೇಲೆ ಕರುಣೆ ಬಂದು ತುಂಬಿದಿರೋ, ಇಡೀ ಹಾಳೆ ವ್ಯರ್ಥ.

ಮೊದಲ ಎರಡು ಮನೆ ಸಲೀಸಾಗಿ ತುಂಬುತ್ತವೆ. ಮೂರರಿಂದ ತಡಕಾಟ ಶುರು. ಗಿರಾಕಿಯ ಗೇಟ್ ಮುಟ್ಟಿದ್ದು ಬೆಳಿಗ್ಗೆ, ಒಳಗೆ ಬಿಟ್ಟದ್ದು ಮಧ್ಯಾಹ್ನ ಎಂದಿಟ್ಟುಕೊಳ್ಳಿ. ಇವೆರಡೂ ಬೇರೆಬೇರೆ ದಾಖಲಾಗದಿದ್ದರೆ ಟ್ರಾನ್ಸ್‌ಪೋರ್ಟ್‌ನವರು ಹಾಲ್ಟಿಂಗ್ ಚಾರ್ಜ್ (ಗಾಡಿ ಕಾದು ನಿಂತದ್ದಕ್ಕೆ ಹಣ) ಕೇಳಿದಾಗ ನಿಮ್ಮಲ್ಲಿ ಉತ್ತರವಿರುವುದಿಲ್ಲ. ‘ಲಾರಿ ತಡ’ ಎಂದು ಗಿರಾಕಿ ದೂರಿದಾಗಲೂ ಇರುವುದಿಲ್ಲ.

ಪಿಒಡಿ ಮನೆಗೆ ಬಂದಾಗ ‘ವಾಟ್ಸ್ಆ್ಯಪ್‌ನಲ್ಲಿ ಫೋಟೋ ಇದೆ’ ಎನ್ನುತ್ತಾರೆ. ತೆರೆಸಿ ನೋಡಿ. ಇನ್ವಾಯ್ಸ್ ನಂಬರ್ ಓದಲು ಬರುತ್ತದೆಯೇ? ಸೀಲಿನ ಮೇಲೆ ತಾರೀಕಿದೆಯೇ? ‘ಎರಡು ಬಾಕ್ಸ್ ಕಡಿಮೆ’ ಎಂದು ಮೂಲೆಯಲ್ಲಿ ಬರೆದದ್ದು ಫೋಟೋದಲ್ಲಿ ಬಂದಿದೆಯೇ? ಹುಡುಕಲು ಎರಡು ನಿಮಿಷ ಮೀರಿದರೆ ‘ಕ’ ಹಾಕಬೇಡಿ, ‘ಫೋ’ ಹಾಕಿ. ನಾನು ಕೆಲಸ ಮಾಡುತ್ತಿದ್ದ ಕಡೆ ಗುಮಾಸ್ತರೊಬ್ಬರು ಕೆಲಸ ಬಿಟ್ಟರು, ಅವರ ಸ್ವಂತ ಫೋನಿನ ಜೊತೆ ಎಂಟು ತಿಂಗಳ ಪಿಒಡಿ ಹೋಯಿತು. ಆಮೇಲೆ ಗಿರಾಕಿಯೊಬ್ಬರು ‘ಮಾಲೇ ಬಂದಿಲ್ಲ’ ಎಂದಾಗ ತೋರಿಸಲು ಏನೂ ಇರಲಿಲ್ಲ.

ಪಿಒಡಿಯ ಈ ಒಂದು ತಾರೀಕಿಗೆ ಇಷ್ಟು ಹಟ ಏಕೆಂದರೆ ನಿಮ್ಮ ದುಡ್ಡು ಅದರ ಮೇಲೇ ನಿಂತಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಏನೇ ಬರೆದಿರಲಿ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು 45 ದಿನದೊಳಗೆ ಹಣ ಕೊಡಬೇಕು. ಎಣಿಕೆ ಮಾಲು ಒಪ್ಪಿಕೊಂಡ ದಿನದಿಂದ. 15 ದಿನದೊಳಗೆ ಲಿಖಿತ ತಕರಾರು ಬಾರದಿದ್ದರೆ ಮಾಲು ತಲುಪಿದ ದಿನದಿಂದಲೇ. ತಲುಪಿದ ದಿನವನ್ನು ತೋರಿಸಲಾಗದಿದ್ದರೆ ಎಣಿಸುವುದೆಲ್ಲಿಂದ?

ಜಿಪಿಎಸ್ ಹಾಕಿಸಿದರೆ ಎಲ್ಲ ತುಂಬುತ್ತದೆ ಎಂಬ ಅಡ್ಡದಾರಿ ಬೇಡ. ಗಾಡಿ ಎಲ್ಲಿದೆ ಎಂದು ಜಿಪಿಎಸ್ ಹೇಳುತ್ತದೆ, ಬಾಕ್ಸ್ ಎಷ್ಟು ಇಳಿಯಿತೆಂದು ಹೇಳುವುದಿಲ್ಲ. ಅಗ್ಗದ ಡಿವೈಸ್‌ಗಳಂತೂ ಸಿಮ್ ರೀಚಾರ್ಜ್ ಮುಗಿದ ದಿನವೇ ಸುಮ್ಮನಾಗುತ್ತವೆ. ಥರ್ಮಲ್ ಕಾಗದದ ರಸೀದಿಯನ್ನೂ ನಂಬಬೇಡಿ. ಕ್ಯಾಬಿನ್ನಿನ ಬಿಸಿಲಿಗೆ ಅಕ್ಷರ ಮಾಸಿ ಬಿಳಿ ಚೀಟಿ ಉಳಿಯುತ್ತದೆ.

ಹಂತ 4: ಗಿರಾಕಿಗಳ ಪಟ್ಟಿ ತೆಗೆಸಿ, ಒಂದೇ ಪಾರ್ಟಿ ಎಷ್ಟು ಹೆಸರಿನಲ್ಲಿದೆ ನೋಡಿ, ಒಂದಕ್ಕೆ ಇಳಿಸಿ.

ಹಂತ 5: ಡ್ರೈವರ್ ಪರೀಕ್ಷೆ. ನಿಮ್ಮ ಗಾಡಿಯವರನ್ನು ಬಿಡಿ, ಬಾಡಿಗೆ ಗಾಡಿಯವರೊಬ್ಬರನ್ನು ಕರೆಯಿರಿ. ಯಾರ ಸಹಾಯವೂ ಇಲ್ಲದೆ, ಅಂಗಳದ ಬಿಸಿಲಲ್ಲಿ ನಿಂತು, ಪಿಒಡಿ ಫೋಟೋ ಕಳಿಸಲು ಹೇಳಿ. ಹತ್ತು ಪಾರ್ಟಿಯ ಮಾಲು ಹೊರುವವರು ನಿಮಗಾಗಿ ಒಂದು ಆಪ್ ಹಾಕಿಕೊಳ್ಳುವುದಿಲ್ಲ, ಹಾಕಿಕೊಳ್ಳಿ ಎನ್ನುವುದು ನ್ಯಾಯವೂ ಅಲ್ಲ. ಮೆಸೇಜಿನ ಲಿಂಕ್ ಒತ್ತಿದರೆ ತೆರೆಯುವಂಥದ್ದನ್ನೇ ಆರಿಸಿ, ಕನ್ನಡ, ತಮಿಳು, ಹಿಂದಿ ಮೂರೂ ಇರಲಿ.

ಹಂತ 6: ಹಾಳೆಯಲ್ಲಿ 120 ಮನೆಗಳಿವೆ. ‘ಕ’ ಎಷ್ಟು, ಖಾಲಿ ಎಷ್ಟು ಎಣಿಸಿ. ಖಾಲಿ ಮೂವತ್ತು ದಾಟಿದರೆ ಸಾಫ್ಟ್‌ವೇರ್ ಕೊಳ್ಳಬೇಡಿ ಎಂಬುದು ನನ್ನ ಖಡಾಖಂಡಿತ ಮಾತು. ಮೊದಲು ಪಿಒಡಿಗೆ ಕಂಪನಿಯದೇ ಒಂದು ಫೋನ್, ಒಂದು ನಂಬರ್ ಇಡಿ. ಇನ್ವಾಯ್ಸ್ ನಂಬರನ್ನೇ ಫೋಟೋದ ಹೆಸರಾಗಿಸಿ ದಿನಾ ಸಂಜೆ ಕಂಪ್ಯೂಟರಿಗೆ ಹಾಕಿಸಿ. ಮೂರು ತಿಂಗಳ ಬಳಿಕ ಹೊಸ 20 ಲೋಡ್ ಆರಿಸಿ, ಅದೇ ಹಾಳೆಯ ಹಿಂಬದಿಯಲ್ಲಿ ಮತ್ತೆ ತುಂಬಿ.